ಒಂದು ಹೆಜ್ಜೆ ಹೆಚ್ಚು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ನಡೆಯದೇ ಹೋದ ಒಂದು ಮದುವೆಯಲ್ಲಿ ಊಟ ಮಾಡಿದ್ದು ನನಗೆ ಪಲ್ಯದ ರುಚಿ ಸಮೇತ ನೆನಪಿದೆ. ಅದಕ್ಕೇ ವಿದ್ಯಾರ್ಥಿಯಾಗಿದ್ದಾಗಿನಿಂದ ಡೈರಿ ಬರೆಯುತ್ತೇನೆ. ಡೈರಿ ಬರೆಯುವವರು ಪ್ರಾಮಾಣಿಕರೆಂದು ಜನ ತಿಳಿದಿದ್ದಾರೆ. ಈಚಿನವರೆಗೆ ನಾನೂ ಹಾಗೇ ತಿಳಿದಿದ್ದೆ.

ಭಾನುವಾರ ಮಧ್ಯಾಹ್ನ ಬಣಕಲ್ಲಿನ ನಮ್ಮ ಮನೆಯ ಜಗಲಿಯಲ್ಲಿ ಮಗಳು ಸಿರಿ ಮತ್ತು ಅವಳ ಕಾಲೇಜಿನ ಗೆಳತಿಯರು ಒಂದು ಆಟ ಆಡುತ್ತಾರೆ. ಒಬ್ಬಳು ಮಂತ್ರವಾದಿ, ಇನ್ನೊಬ್ಬಳು ಬಿಲ್ಲುಗಾರ್ತಿ. ಸಿರಿ ಕತೆ ಹೇಳುತ್ತಾ ಅವರ ಮೇಲೆ ರಾಕ್ಷಸರನ್ನು ಛೂ ಬಿಡುತ್ತಾಳೆ. ಅವರು ದಾಳ ಉರುಳಿಸಿ ಬದುಕಿಕೊಳ್ಳಬೇಕು. ಆಟದ ದಪ್ಪ ಪುಸ್ತಕ ವಿದೇಶದ್ದು. ಪುಟ ತಿರುಗಿಸಿದರೆ ನಮ್ಮ ನಾಗನಿದ್ದಾನೆ, ನಮ್ಮ ರಾಕ್ಷಸನೂ ಇದ್ದಾನೆ. ಆದರೆ ರಾಕ್ಷಸನಿಗೆ ಹುಲಿಯ ತಲೆ, ಅಂಗೈ ಹಿಂದುಮುಂದು. ನಮ್ಮಲ್ಲಿ ದೆವ್ವಗಳಿಗೆ ಹಿಂದುಮುಂದಾಗಿರುವುದು ಪಾದ. ಸಮುದ್ರ ದಾಟಿಸಲು ಬಿಚ್ಚಿದವರು ಮತ್ತೆ ಜೋಡಿಸುವಾಗ ಎಡವಟ್ಟು ಮಾಡಿರಬೇಕು.

"ಅಪ್ಪಾ, ನಮ್ಮ ತೋಟದ್ದೇ ಒಂದು ದೆವ್ವ ಕೊಡು" ಎಂದಳು ಸಿರಿ. ಆಟಕ್ಕಷ್ಟೇ ಅಲ್ಲ, ಕಾಲೇಜಿನ ಸೆಮಿನಾರಿಗೂ ಬೇಕಂತೆ. ಆಟದ ಪುಸ್ತಕದ ಭೂತಗಳು ಯಾವ ಪುರಾಣದಿಂದ, ಯಾರ ಅಜ್ಜಿಯ ಬಾಯಿಂದ ಬಂದವು ಎಂಬುದು ಅವಳ ವಿಷಯ. ನಾನು ತಕ್ಷಣ ನಮ್ಮಜ್ಜಿ ಹೇಳಿದ್ದನ್ನು ಹೇಳಿದೆ. ತೋಟದಲ್ಲಿ ಮಂಜು ಮುಸುಕಿದಾಗ ಅದು ನಮ್ಮ ಹಿಂದೆ ಬರುತ್ತದೆ. ನಮ್ಮ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಇಡುವುದರಿಂದ ಗೊತ್ತಾಗುವುದಿಲ್ಲ. ನಾವು ನಿಂತಾಗ ಮಾತ್ರ ತರಗೆಲೆಯ ಮೇಲೆ ಒಂದು ಹೆಜ್ಜೆ ಹೆಚ್ಚು ಕೇಳುತ್ತದೆ.

ಗೆಳತಿಯರು ದಾಳ ಕೆಳಗಿಟ್ಟರು. "ಇದನ್ನ ಸೋಲಿಸೋದು ಹೇಗೆ ಅಂಕಲ್?"

"ಗೊತ್ತಿಲ್ಲಮ್ಮ, ಅಜ್ಜಿ ಹೇಳಿದ್ದೇ ಅಷ್ಟು."

ಸಿರಿ 'ಮೂಲ: ನನ್ನ ಮುತ್ತಜ್ಜಿ' ಎಂದು ಬರೆದುಕೊಂಡಳು. ಸೆಮಿನಾರಿಗೆ ಎರಡು ದಿನವಿದ್ದಾಗ ನಾನು ಸುಮ್ಮನಿರಲಾರದೆ ಹಳೆಯ ಡೈರಿ ತೆಗೆದೆ. ರಜೆಗೆಂದು ಊರಿಗೆ ಬಂದಿದ್ದಾಗ ಬರೆದ ಪುಟ, ನನ್ನದೇ ಅಕ್ಷರ: 'ಹಾಸ್ಟೆಲಿನವರನ್ನು ಹೆದರಿಸಲು ಒಂದು ದೆವ್ವ ಕಟ್ಟಿದೆ. ನಾವು ನಿಂತ ಮೇಲೂ ಒಂದು ಹೆಜ್ಜೆ ಇಡುತ್ತದೆ. ಅಜ್ಜಿ ಹೇಳಿದ್ದು ಅಂದರೆ ನಂಬುತ್ತಾರೆ.' ಇಷ್ಟು ವರ್ಷ ಅದನ್ನು ನಂಬಿಕೊಂಡು ಬಂದವನು ನಾನೊಬ್ಬನೇ! ಮಗಳು ಸಭೆಯೆದುರು ನಿಂತು ನನ್ನ ಸುಳ್ಳನ್ನು ಜನಪದ ಎನ್ನುವ ಮೊದಲು ಒಪ್ಪಿಕೊಳ್ಳಲೇಬೇಕು. ಆದರೂ ಇನ್ನೊಂದು ಸಾಕ್ಷಿ ಕೇಳೋಣ ಎನಿಸಿತು. ಅದು ಸಂಶೋಧನೆಯ ಶಿಸ್ತೂ ಹೌದು, ಹೇಡಿತನವೂ ಹೌದು.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋದಾಗ ಮಂಜು ಇನ್ನೂ ಕರಗಿರಲಿಲ್ಲ. ವರ್ಷಗಳಿಂದ ನಮ್ಮಲ್ಲಿ ಕಾಫಿ ಕೊಯ್ಯುವ ಗಿರಿಜಕ್ಕ ಆಗಲೇ ಹಣ್ಣು ಬಿಡಿಸುತ್ತಿದ್ದರು.

"ಗಿರಿಜಕ್ಕ, ತೋಟದಲ್ಲಿ ಹಿಂದೆ ಬರೋದು ಅಂತ ಏನಾದ್ರೂ ಕೇಳಿದ್ದೀರಾ?"

"ನಿಂತ್ರೆ ಒಂದ್ ಹೆಜ್ಜೆ ಜಾಸ್ತಿ ಇಡ್ತದಲ್ಲ, ಅದಾ ಮೇಷ್ಟ್ರೇ?" ಅವರ ಕೈ ನಿಲ್ಲಲಿಲ್ಲ.

ಸಿರಿ ಹೇಳಿರಬೇಕು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವರೇ ಮುಂದುವರಿಸಿದರು. "ಅದಕ್ಕೆಲ್ಲ ಹೆದರ್ತಾರಾ ಮಾರಾಯ್ರೇ! ಪಕ್ಕಕ್ಕೆ ಸರ್ದು, ನೀ ಮುಂದೆ ಹೋಗು ಅಂದ್ರಾಯ್ತು. ಹೋಗ್ತದೆ. ಪಾಪ, ಅದಕ್ಕೂ ಮನೆ ಸೇರ್ಬೇಕಲ್ಲ."

ಈ ಉಪಾಯ ಸಿರಿಗೆ ಗೊತ್ತಿರಲಿಲ್ಲ. ನಾನು ಕಟ್ಟಿದ್ದರಲ್ಲಂತೂ ಇರಲೇ ಇಲ್ಲ.

"ನಿಮಗೆ ಯಾರು ಹೇಳಿದ್ದು?"

"ಇದನ್ನೆಲ್ಲ ಯಾರ್ ಹೇಳ್ತಾರೆ?" ಎಂದು ನಕ್ಕು, ನನ್ನ ಭುಜದಾಚೆ ಒಮ್ಮೆ ನೋಡಿ, ಗಿರಿಜಕ್ಕ ಮುಂದಿನ ಗಿಡಕ್ಕೆ ಹೋದರು. ನಾನು ತಿರುಗಿ ನೋಡಲಿಲ್ಲ.

ಮನೆಗೆ ಬಂದವನೇ ಡೈರಿಯನ್ನು ಸಿರಿಯ ಮುಂದಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. ನಾನು ಓದದೇ ಬಿಟ್ಟಿದ್ದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. 'ನಾಲ್ಕು ದಿನದಿಂದ ತೋಟದ ಕಡೆ ಹೋಗಿಲ್ಲ' ಎಂದಿತ್ತು.

"ತಾನೇ ಕಟ್ಟಿದ್ದಕ್ಕೆ ಯಾರಾದ್ರೂ ಹೆದರ್ತಾರಾ ಅಪ್ಪ? ನಿಜವಾಗ್ಲೂ ಕಟ್ಟಿದ್ಯಾ, ಇಲ್ಲ ಹೆದರಿದ್ದು ಮುಚ್ಚೋಕೆ ಕಟ್ಟಿದೆ ಅಂತ ಬರ್ಕೊಂಡ್ಯಾ?"

ಗೊತ್ತಿಲ್ಲ ಎಂದೆ. ಅವಳು ಮುತ್ತಜ್ಜಿಯನ್ನು ಹೊಡೆದುಹಾಕಿ 'ಮೂಲ: ಅಪ್ಪನಿಗೂ ಗೊತ್ತಿಲ್ಲ' ಎಂದು ಬರೆದಳು. ಸೆಮಿನಾರಿನಲ್ಲಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ ಅಂತೆ.

ಪರೀಕ್ಷಿಸುವುದೇನೋ ಸುಲಭ. ಎಂ.ಎ. ಓದಿದವನು ಮಂಜಿನಲ್ಲಿ ಒಮ್ಮೆ ನಿಂತು ಕಿವಿಗೊಟ್ಟರೆ ಮುಗಿಯಿತು. ಆದ್ದರಿಂದಲೇ ನಾನು ನಿಲ್ಲುವುದಿಲ್ಲ. ತೋಟದ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ನಡೆಯುತ್ತೇನೆ. ಚಪ್ಪಲಿಯ ಉಂಗುಷ್ಠ ಕಿತ್ತರೂ ಎಳೆದುಕೊಂಡೇ ನಡೆಯುತ್ತೇನೆ. ಮೊನ್ನೆ ಮೂಡಿಗೆರೆಯ ಡಾಕ್ಟರು ರಕ್ತದ ಸಕ್ಕರೆ ಚೆನ್ನಾಗಿ ಇಳಿದಿದೆಯೆಂದು ಬೆನ್ನು ತಟ್ಟಿ, "ನಡಿಗೆ ಹೀಗೇ ಇರಲಿ, ಮಧ್ಯೆ ಮಾತ್ರ ನಿಲ್ಲಿಸಬೇಡಿ" ಎಂದರು. ಇಲ್ಲ ಎಂದು ಮಾತು ಕೊಟ್ಟೆ. ಅಷ್ಟು ಮನಃಪೂರ್ವಕವಾಗಿ ಯಾವ ರೋಗಿಯೂ ಅವರಿಗೆ ಮಾತು ಕೊಟ್ಟಿರಲಾರ.