ಕಷಾಯಕ್ಕೆ ಸಿಕ್ಕ ಹೂವು

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಹಲ್ಲುಜ್ಜಿ, ಹಾಲು ಕಾಯಿಸಿ, ಬಾಲ್ಕನಿಯ ಕುಂಡಕ್ಕೆ ನೀರು ಹಾಕಿದಳು. ಕಾಡಿನ ನೆರಳಲ್ಲಿ ಎಲ್ಲೆಂದರಲ್ಲಿ ಬೆಳೆಯುವ ನೀಲಿ ಹೂವಿನ ಗಿಡ. ಜಿಗಣೆ ಕಚ್ಚಿಸಿಕೊಂಡು, ಇಳಿಜಾರಿನಲ್ಲಿ ಜಾರಿಬಿದ್ದು, ನಿನಗೋಸ್ಕರ ಅಗೆದು ತಂದೆ ಎಂದು ಗಂಡ ವಾರಗಟ್ಟಲೆ ಕೊಚ್ಚಿಕೊಂಡಿದ್ದ. ಅವನು ತಂದುಕೊಟ್ಟದ್ದರಲ್ಲಿ ಜೀವ ಇದ್ದದ್ದು ಈಗ ಅದೊಂದಕ್ಕೇ.

"ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನೀನು," ಎನ್ನುತ್ತ, ಜೊತೆಗಿರಲೆಂದು ಉಳಿದುಕೊಂಡಿದ್ದ ಗಂಡನ ಅಕ್ಕ ಹಿಡಿಯಷ್ಟು ಹೂ ಕಿತ್ತಳು. "ಇದರ ಕಷಾಯ ಕುಡಿದ್ರೆ ಕಲ್ಲಿಗೂ ನಿದ್ದೆ ಬರುತ್ತೆ."

"ಅತ್ತಿಗೆ, ಅದೊಂದನ್ನ ಬಿಡಿ..."

ಕಷಾಯದ ವಾಸನೆಗೆ ಕೆಳಮನೆಯ ದರ್ಜಿ ಮೆಟ್ಟಿಲು ಹತ್ತಿ ಬಂದ. "ನಿದ್ದೆಗಲ್ಲಮ್ಮ, ಇದು ಕೆಮ್ಮಿಗೆ. ನಮ್ಮಜ್ಜಿ ಜೇನಲ್ಲಿ ಕಲಸಿ ಕೊಡ್ತಿದ್ಲು," ಎಂದು ಒಂದು ಲೋಟ ಬಗ್ಗಿಸಿಕೊಂಡು ಕುಡಿದ. ಮನೆಯ ಒಡತಿ ಬಂದು, ಎಲೆ ಅರೆದು ಹಚ್ಚಿದರೆ ಊತ ಇಳಿಯುತ್ತದೆಂದು ಅರ್ಧ ಗಿಡವನ್ನೇ ಮಂಡಿಗೆ ಬಳಿದುಕೊಂಡಳು. ಸಮಾಧಾನ ಹೇಳಲು ಬಂದವರೆಲ್ಲ ಬಿಟ್ಟಿ ಔಷಧಿ ಅಂಗಡಿಗೆ ಬಂದವರಂತೆ ಬಾಲ್ಕನಿಯಲ್ಲಿ ಸಾಲುಗಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಗಿಡ, ಆತುರದ ಕ್ಷೌರಿಕನ ಕೈಗೆ ಸಿಕ್ಕ ತಲೆಯ ಹಾಗಾಗಿತ್ತು. ಉಳಿದದ್ದು ಒಂದೇ ಹೂ. ದರ್ಜಿಯ ಕೈ ಅದಕ್ಕೂ ಚಾಚಿತು.

"ಮೂಲೆಮನೆ ಬೆಕ್ಕು ದಿನಾ ಆ ಕುಂಡದಲ್ಲೇ ಕೂತ್ಕೊಳ್ಳುತ್ತೆ," ಎಂದಳು ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳು. "ಬೆಳಗಿನ ಕೆಲಸಕ್ಕೆ."

ದರ್ಜಿ ಬಾಯಿ ಮುಚ್ಚಿಕೊಂಡು ಕೆಳಗೋಡಿದ. ಅತ್ತಿಗೆ ಬಚ್ಚಲು ಸೇರಿದಳು. ಒಡತಿ, ಬಾಗದ ಮಂಡಿಯನ್ನೂ ಬಾಗಿಸಿ ಮೆಟ್ಟಿಲಿಳಿದಳು. ಅವಳು ಕುಂಡದ ಪಕ್ಕ ಕೂತು, ಎಷ್ಟೋ ದಿನದ ಮೇಲೆ ಒಂದು ಲೋಟ ಹಾಲನ್ನು ಪೂರ್ತಿ ಕುಡಿದಳು.

ಆದರೆ ದರ್ಜಿ ಬಾಯಿ ಮುಕ್ಕಳಿಸಿದವನೇ ನೆಟ್ಟಗೆ ಮೂಲೆಮನೆಗೆ ಹೋಗಿ ಜಗಳ ತೆಗೆದಿದ್ದ. ಸಂಜೆ ಆ ಮನೆಯ ಮುದುಕ, ಹಿಂದೆ ಅರಣ್ಯದ ಕಾವಲುಗಾರನಾಗಿದ್ದವನು, ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

"ನಾನು ಜಗಳಕ್ಕೆ ಬಂದಿಲ್ಲ ಮಗಳೇ. ಆದ್ರೆ ಇವಳಿಗೆ ವಯಸ್ಸಾಯ್ತು, ಮೆಟ್ಟಿಲೇ ಹತ್ತಲ್ಲ. ಎಲ್ಲಿ, ಆ ಕುಂಡ..." ಅಷ್ಟರಲ್ಲಿ ಕುಂಡ ಕಣ್ಣಿಗೆ ಬಿತ್ತು. "ಅರೆ, ಇದು ನಂದು! ಹೆಂಡತಿಗೆ ತೋರಿಸಿ ವಾಪಸ್ ಕೊಡ್ತೀನಿ ಅಂತ ನಿನ್ನ ಗಂಡ ಒಯ್ದಿದ್ದ."

"ಕಾಡಿಂದ ಅಗೆದು ತಂದೆ ಅಂದಿದ್ರು. ಜಿಗಣೆ ಕಚ್ಚಿತ್ತಂತೆ."

"ಜಿಗಣೆನಾ? ಕಾಡಿಗೆ ಬಾರಯ್ಯ ಅಂದ್ರೆ, ಅದಕ್ಕೇ ಹೆದರಿ ನನ್ನ ಗೇಟಿಂದ ಮುಂದಕ್ಕೆ ಬರಲಿಲ್ಲ ಪುಣ್ಯಾತ್ಮ!"

ಅವಳಿಗೆ ನಗು ಬಂತು. ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಮುದುಕನ ಕೈ ಬೆಕ್ಕಿಗೇ ಮೀಸಲಾಗಿದ್ದರಿಂದ ಕುಂಡವನ್ನು ಅವಳೇ ಹೊತ್ತು ಮೂಲೆಮನೆಯ ಗೇಟಿನೊಳಗೆ ಇಳಿಸಿದಳು.

ಮುದುಕ ಬಗ್ಗಿ ನೋಡಿದ. "ಮೈತುಂಬ ಹೂವಿತ್ತಲ್ಲಮ್ಮ, ಏನಾಯ್ತು?"

"ಬೀದಿಯವರಿಗೆಲ್ಲ ಗುಣ ಆಯ್ತು," ಎಂದಳು.