ನಗರದ ಮೂವತ್ತೆಂಟು ಸಾವಿರ ಅನಾಥಾಲಯಗಳು

ಈ ನಗರದಲ್ಲಿ ಮೂವತ್ತೆಂಟು ಸಾವಿರ ಅನಾಥಾಲಯಗಳಿವೆ. ಕಟ್ಟಡಗಳ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮುಂಚೆ ಒಂದೇ ಇತ್ತು, ಅದೂ ಸೋರುತ್ತಿತ್ತು. ತಂತ್ರಜ್ಞಾನದಿಂದ ಏನು ಪ್ರಯೋಜನ ಎಂದು ಕೇಳುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡತಕ್ಕದ್ದು.

ನಗರಸಭೆಯ ದಾಖಲೆ ಕೋಣೆಯಲ್ಲಿ ಗೆದ್ದಲು, ಇಲಿ ಮತ್ತು ಗುಮಾಸ್ತರು ಮೂರು ತಲೆಮಾರಿನಿಂದ ಅನ್ಯೋನ್ಯವಾಗಿದ್ದರು. ಅಲ್ಲಿನ ಮನೆಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಲು ಒಬ್ಬ ಗುತ್ತಿಗೆದಾರನನ್ನು ನೇಮಿಸಲಾಯಿತು. ಬರೀ ಚಿತ್ರ ತೆಗೆದು ತುಂಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೇಕೆಂದಾಗ ಸಿಗಬೇಕಾದರೆ ಪ್ರತಿ ಪತ್ರಕ್ಕೂ ಒಂದು ಸೂಚಿ ಬೇಕು. ಮಾಲೀಕರ ಹೆಸರು, ಬೀದಿ, ಕಟ್ಟಡದ ಬಗೆ. ಹೆಸರು, ಬೀದಿಗಳನ್ನು ಟೈಪು ಮಾಡಬೇಕು. ಬಗೆಯನ್ನು ಮಾತ್ರ ಪಟ್ಟಿಯಿಂದ ಆರಿಸಬೇಕು: ಅನಾಥಾಲಯ, ಆಸ್ಪತ್ರೆ, ಉಗ್ರಾಣ, ಕಾರ್ಖಾನೆ, ಮಳಿಗೆ, ವಾಸದ ಮನೆ, ಶಾಲೆ. ಅಕಾರಾದಿಯಾಗಿ, ಯಾರಿಗೂ ಪಕ್ಷಪಾತವಾಗದಂತೆ. ಆರಿಸದೆ ಬಿಟ್ಟರೆ ಮೊದಲ ಸಾಲು ತಾನಾಗಿ ಬಂದು ಕೂರುತ್ತಿತ್ತು. ಗುತ್ತಿಗೆದಾರನಿಗೆ ಪತ್ರಕ್ಕಿಷ್ಟು ಎಂದು ಸಂಭಾವನೆ. ಅವನ ಕೆಲಸಗಾರರು ಆರಿಸದೆ ಬಿಟ್ಟರು.

ಇದಕ್ಕೆಲ್ಲ ಮೇಲ್ವಿಚಾರಕಿಯಾಗಿದ್ದವಳನ್ನು ಕಚೇರಿಯಲ್ಲಿ ಸೂಚಿ ಮೇಡಂ ಎಂದೇ ಕರೆಯುತ್ತಿದ್ದರು. ಶಿಸ್ತಿನ ಹೆಂಗಸು. ಒಂದು ಕಡತವನ್ನಾದರೂ ತೆರೆದು ನೋಡದೆ ಸಹಿ ಹಾಕಬಾರದೆಂಬುದು ಅವಳ ವ್ರತ. ತೆರೆದಳು. ಮೊದಲನೆಯ ಕಡತ ಊರಿನ ಆ ಏಕೈಕ ಅನಾಥಾಲಯದ್ದು. ಬಗೆ: ಅನಾಥಾಲಯ. ಚೊಕ್ಕವಾಗಿತ್ತು. ಅನ್ನ ಬೆಂದಿದೆಯೋ ಇಲ್ಲವೋ ನೋಡುವುದಕ್ಕೆ ಇಡೀ ಪಾತ್ರೆ ಹಿಸುಕಬೇಕೇ, ಒಂದು ಅಗುಳು ಸಾಲದೇ? "ನೂರಕ್ಕೆ ನೂರು ಪರಿಶೀಲಿಸಲಾಗಿದೆ" ಎಂದು ಬರೆದು ಸಹಿ ಹಾಕಿದಳು.

ಮೇಲಿನ ಇಲಾಖೆ ಅಂಕಿಅಂಶ ತರಿಸಿಕೊಂಡು ಮೂಗಿನ ಮೇಲೆ ಬೆರಳಿಟ್ಟಿತು. 'ಕರುಣೆಯಲ್ಲಿ ಪ್ರಥಮ' ಎಂಬ ಹಿತ್ತಾಳೆ ಫಲಕ ಬಂತು. ಸೋರುವ ಛಾವಣಿಗೆಂದು ಮಂಜೂರಾಗಿದ್ದ ಅನುದಾನವನ್ನು ನ್ಯಾಯವಾಗಿ ಎಲ್ಲ ಅನಾಥಾಲಯಗಳಿಗೂ ಸಮನಾಗಿ ಹಂಚಲಾಯಿತು. ಸೋರುವ ಅನಾಥಾಲಯದ ಪಾಲಿಗೆ ಅರ್ಧ ಹೆಂಚು ಬಂತು.

ಫಲಕದ ಬೆನ್ನಿಗೇ ತಪಾಸಣೆಯೂ ಬಂತು. ಸೂಚಿ ಮೇಡಂ ಮನೆಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ತಪಾಸಣಾಧಿಕಾರಿ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಟ್ಯಾಬು ನೋಡಿಕೊಂಡರು.

"ಮಕ್ಕಳೆಷ್ಟು?"

"ಎರಡು. ಇವಳು, ಇವಳ ತಮ್ಮ."

"ನೀವು?"

"ಅವರಮ್ಮ."

ಅಧಿಕಾರಿಯ ಮುಖ ಸಪ್ಪಗಾಯಿತು. "ಅನಾಥಾಲಯದಲ್ಲಿ ಅಮ್ಮನ್ನ ಇಟ್ಕೊಂಡಿದ್ದೀರಾ?"

ಗಡಿಯಾರ ರಿಪೇರಿ ಮಾಡುವ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೊರಗೆ ಬಂದ.

"ಇವ್ರು?"

"ಅಪ್ಪ."

"ಅಪ್ಪನೂ ಇದಾರೆ!" ಅಧಿಕಾರಿ ನೊಂದುಕೊಂಡು ಬರೆದುಕೊಂಡರು. "ನೋಡಿದ್ರೆ ಓದಿದವರ ಥರ ಕಾಣ್ತೀರ."

"ನಾನು ಅಜ್ಜಿ ಕಣಪ್ಪಾ," ಎಂದರು ಅತ್ತೆ ಮೂಲೆಯ ಕುರ್ಚಿಯಿಂದ. "ನನ್ನನ್ನೂ ಬರ್ಕೋ. ಒಬ್ಬಳನ್ನ ಯಾಕೆ ಬಿಡ್ತೀಯ?"

"ಅಜ್ಜಿಗೆ ಕಾಲಂ ಇಲ್ಲಮ್ಮ."

ನೋಟಿಸು ಸ್ಪಷ್ಟವಾಗಿತ್ತು. ಅನಾಥಾಲಯದಲ್ಲಿ ಮಕ್ಕಳ ತಂದೆತಾಯಿಗಳು ವಾಸಿಸತಕ್ಕದ್ದಲ್ಲ. ತಿಂಗಳೊಳಗೆ ಅವರು ಸ್ಥಳ ತೆರವುಗೊಳಿಸಬೇಕು. ತಪ್ಪಿದಲ್ಲಿ ಮಕ್ಕಳನ್ನು ತಂದೆತಾಯಿಗಳ ಹಾವಳಿಯಿಲ್ಲದ ಬೇರೆ ಸಂಸ್ಥೆಗೆ ವರ್ಗಾಯಿಸಲಾಗುವುದು. ಕೆಳಗೆ ಮಗಳ ಹೆಸರು, ಮಗನ ಹೆಸರು. ಅವೆರಡನ್ನು ಮಾತ್ರ ಯಾರೋ ತಪ್ಪಿಲ್ಲದೆ ಟೈಪು ಮಾಡಿದ್ದರು.

ಮಾರನೆಯ ದಿನ ಗುತ್ತಿಗೆದಾರನನ್ನು ಹಿಡಿದಳು. "ಬಗೆ ಆರಿಸ್ಲೇ ಇಲ್ವಲ್ರೀ ನೀವು!"

"ಮೇಡಂ, ಟೆಂಡರಲ್ಲಿ 'ನಮೂದಿಸುವುದು' ಅಂತಿದೆ. 'ಸರಿಯಾಗಿ ನಮೂದಿಸುವುದು' ಅಂತಿದ್ದಿದ್ರೆ ರೇಟೇ ಬೇರೆ."

ಮುಖ್ಯಾಧಿಕಾರಿಗಳು ಫಲಕವನ್ನು ಕರವಸ್ತ್ರದಿಂದ ಉಜ್ಜುತ್ತಿದ್ದರು. "ತಿದ್ದೋಣ, ಅದಕ್ಕೇನಂತೆ. ಆದ್ರೆ ಸಹಿ ನಿಮ್ದು. ತಪ್ಪು ನಂದು ಅಂತ ಬರ್ಕೊಡಿ, ನಿಮ್ಮ ಮನೆ ತಿದ್ತೀವಿ. ಆಮೇಲೆ ಕೆಲಸಕ್ಕೆ ಬರೋ ತೊಂದ್ರೆ ತಗೋಬೇಡಿ."

ಕೆಲಸ ಹೋದರೆ ಹೋಗಲಿ, ಮಕ್ಕಳು ಕಣ್ಣೆದುರಿಗಿರಲಿ ಎಂದು ಅವಳು ಬರೆದೇಬಿಟ್ಟಳು: ತಪ್ಪು ನನ್ನದು, ಒಂದೇ ಕಡತ ನೋಡಿ ಸಹಿ ಹಾಕಿದೆ, ನನ್ನ ಮನೆ ಮನೆಯೇ. ಟಪಾಲಿಗೆ ಕೊಟ್ಟಳು. ಟಪಾಲಿನ ಸೂಚಿಯ ಗುತ್ತಿಗೆಯೂ ಅದೇ ಗುತ್ತಿಗೆದಾರನದು. ಅಲ್ಲಿನ ಪಟ್ಟಿ: ಅಭಿನಂದನೆ, ಆಕ್ಷೇಪಣೆ, ದೂರು, ಮನವಿ.

ವಾರದೊಳಗೆ ಉತ್ತರ ಬಂತು. "ತಮ್ಮ ಅಭಿನಂದನೆಯನ್ನು ಸಂತೋಷದಿಂದ ಸ್ವೀಕರಿಸಲಾಗಿದೆ. ತಮ್ಮಂಥವರ ಪ್ರೋತ್ಸಾಹವೇ ನಮಗೆ ಬಲ." ಸಿಟ್ಟಿನಿಂದ ಇನ್ನೊಂದು ಬರೆದಳು, ಖಾರವಾಗಿ. ಅದನ್ನು ಸೂಚನಾ ಫಲಕಕ್ಕೆ ಹಚ್ಚಿದರು. ಓದುವವರು ಯಾರೂ ಇರದ ಕಾರಣ ಕಚೇರಿಯ ಗೌರವಕ್ಕೆ ಧಕ್ಕೆಯಾಗಲಿಲ್ಲ.

ತಿಂಗಳು ಮುಗಿಯಿತು. ತಪಾಸಣಾಧಿಕಾರಿ ಮತ್ತೆ ಬಂದಾಗ ಮಕ್ಕಳ ಬಟ್ಟೆಯ ಚೀಲ ಬಾಗಿಲಲ್ಲಿತ್ತು. ಸೂಚಿ ಮೇಡಂ ಅದರ ಮೇಲೇ ಕೂತಿದ್ದಳು, ಯಾರಾದರೂ ಎತ್ತಲಿ ನೋಡೋಣ ಎಂಬಂತೆ.

ಅಧಿಕಾರಿ ದನಿ ತಗ್ಗಿಸಿದರು. "ನಮ್ಮನೇಲೂ ಇದೇ ತಾಪತ್ರಯ ಮೇಡಂ. ನನಗೆ ನಾನೇ ನೋಟಿಸ್ ಕೊಟ್ಕೊಂಡಿದ್ದೀನಿ. ಒಂದು ದಾರಿ ಇದೆ. ಅನಾಥಾಲಯದಲ್ಲಿ ಸಿಬ್ಬಂದಿ ವಾಸ ಇರಬಹುದು. ಮಕ್ಕಳನ್ನ ಸೇರಿಸ್ಕೊಳ್ಳೋ ಅರ್ಜೀಲಿ ತಂದೆತಾಯಿ ಹೆಸರು ಖಾಲಿ ಬಿಡಿ, ನೀವಿಬ್ರೂ ಸಿಬ್ಬಂದಿ ಅಂತ ಸಹಿ ಹಾಕಿ. ಮುಗೀತು."

ಅವಳು ಪೆನ್ನು ಹಿಡಿದಳು. ತಾಯಿಯ ಹೆಸರು ಎಂಬ ಅಕ್ಷರಗಳ ಮುಂದೆ ಗೇಣುದ್ದ ಜಾಗ. ಕೈ ಮುಂದೆ ಹೋಗಲೊಲ್ಲದು.

"ಬಿಡೇ," ಎಂದರು ಅತ್ತೆ. "ಕಾಗದದಲ್ಲಿ ಇಲ್ದಿದ್ರೆ ಹೆತ್ತದ್ದು ಸುಳ್ಳಾಗುತ್ತಾ? ನನ್ನ ಹೆಸರು ಯಾವ ಕಾಗದದಲ್ಲೂ ಇಲ್ಲ. ನಿನ್ನ ಗಂಡ ನೋಡು, ಬಂಡೆಗಲ್ಲಿನ ಹಾಗೆ ಕೂತಿದಾನೆ."

ಖಾಲಿ ಬಿಟ್ಟಳು.

ಸಿಬ್ಬಂದಿಗೂ ಒಂದು ಪಟ್ಟಿಯಿತ್ತು: ಅಡುಗೆಯವರು, ಕಾವಲುಗಾರರು, ತೋಟದವರು, ಲೆಕ್ಕಿಗರು. ಅಧಿಕಾರಿಗೆ ಆ ದಿನ ಇನ್ನೂ ಅರ್ಧ ಬೀದಿ ಬಾಕಿಯಿತ್ತು. ಒತ್ತಿದರು. ಸೂಚಿ ಮೇಡಂ ಅಡುಗೆಯವರಾದಳು. ಗಂಡನೂ ಅಡುಗೆಯವರಾದ.

"ಸ್ವಾಮೀ, ನನಗೆ ನೀರು ಕಾಯಿಸೋಕೂ ಬರಲ್ಲ."

"ದಾಖಲೆ ಪ್ರಕಾರ ಬರುತ್ತೆ."

"ಅಲ್ಲಪ್ಪಾ," ಎಂದರು ಅತ್ತೆ, "ಅನಾಥರು ಬೇಕೂಂದ್ರೆ ನನ್ನನ್ನ ಬರ್ಕೋಬಾರ್ದಾ? ನಂಗೆ ಅಪ್ಪ ಇಲ್ಲ, ಅಮ್ಮ ಇಲ್ಲ."

ಅಧಿಕಾರಿಯ ಕಣ್ಣು ತುಂಬಿ ಬಂತು. ಅಷ್ಟು ಮನೆ ತಿರುಗಿದ್ದಕ್ಕೆ ನಿಯಮಬದ್ಧ ಅನಾಥೆಯೊಬ್ಬಳು ಸಿಕ್ಕಿದ್ದು ಅದೇ ಮೊದಲು. ಅತ್ತೆಗೆ ದಿನಕ್ಕೊಂದು ಲೋಟ ಹಾಲು, ವರ್ಷಕ್ಕೆರಡು ಜೊತೆ ಸಮವಸ್ತ್ರ ಮಂಜೂರಾಯಿತು.

ಇದಾದ ಮೇಲೆ ಸಿಬ್ಬಂದಿ ನಿಯಮಾವಳಿ ಮನೆಗೆ ಬಂತು. ಅಡುಗೆಯವರಿಗೆ ದಿನಕ್ಕೆ ಎಂಟು ಗಂಟೆ ಕೆಲಸ. ವಾರಕ್ಕೊಂದು ರಜೆ ಕಡ್ಡಾಯ. ರಜೆಯ ದಿನ ಒಬ್ಬ ಅಡುಗೆಯವರು ಒಲೆಯ ಬಳಿ ಸುಳಿದರೆ ಇನ್ನೊಬ್ಬ ಅಡುಗೆಯವರಿಗೆ ದಂಡ.

ಮೊದಲ ರಜೆಯ ದಿನ ಸೂಚಿ ಮೇಡಂ ಅಡುಗೆಮನೆಯ ಹೊಸ್ತಿಲ ತನಕ ಹೋಗಿ, ದಂಡ ನೆನಪಾಗಿ, ಬೀದಿ ಮೆಟ್ಟಿಲ ಮೇಲೆ ಬಂದು ಕೂತಳು. ಒಳಗೆ ಪಾತ್ರೆ ಬಿದ್ದ ಸದ್ದು. "ಏನೇ, ಉಪ್ಪೆಲ್ಲಿದೆ?" ಎಂಬ ಕೂಗು. ತಲೆಯೆತ್ತಿ ನೋಡಿದರೆ ಬೀದಿಯುದ್ದಕ್ಕೂ ಮೆಟ್ಟಿಲಿಗೊಬ್ಬರಂತೆ ಹೆಂಗಸರು ಕಾಲು ಚಾಚಿ ಕೂತಿದ್ದರು. ಮನೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ಮಗ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಅದಕ್ಕೆ ನಿಯಮಾವಳಿಯಲ್ಲಿ ಅಡ್ಡಿಯಿರಲಿಲ್ಲ.

ಗಂಡಸರ ಗೋಳು ಮೇಲಿನವರ ಕಿವಿಗೆ ಬಿತ್ತೋ ಏನೋ, ವರ್ಷ ತಿರುಗುವುದರೊಳಗೆ ಪ್ರಕಟಣೆ ಹೊರಟಿತು: "ಸಾರ್ವಜನಿಕರು ತಂತಮ್ಮ ಅನಾಥಾಲಯಗಳನ್ನು ಮನೆಗಳಾಗಿ ತಿದ್ದಿಸಿಕೊಳ್ಳಬಹುದು. ತಪ್ಪು ಯಾರದೆಂದು ಕೇಳಲಾಗುವುದಿಲ್ಲ. ಇಬ್ಬರೂ ಅಡುಗೆಯವರ ಸಹಿ ಅವಶ್ಯ." ಶಿಬಿರದ ಉಸ್ತುವಾರಿ ಸೂಚಿ ಮೇಡಂಗೇ ಬಂತು. ಗಂಡಸರು ಸಾಲುಗಟ್ಟಿ ಬಂದರು. ಎರಡನೆಯ ಸಹಿ ಒಬ್ಬರ ಬಳಿಯೂ ಇರಲಿಲ್ಲ.

ಸಂಜೆ ಮುಖ್ಯಾಧಿಕಾರಿಗಳು ಬಂದು ಪಕ್ಕದಲ್ಲಿ ನಿಂತರು. "ನಿಮ್ಮದಾದ್ರೂ ತಿದ್ಕೊಳ್ಳಿ ಮೇಡಂ. ನಾಲ್ಕು ಜನಕ್ಕೆ ಮಾದರಿಯಾಗುತ್ತೆ."

ಅವಳು ತನ್ನ ಮನೆಯ ಕಡತ ತೆರೆದಳು. ಪಟ್ಟಿ ಇಳಿಸಿದಳು. ವಾಸದ ಮನೆಯ ಮೇಲೆ ಬಾಣದ ಗುರುತು ನಿಲ್ಲಿಸಿ ಕೇಳಿದಳು: "ಸಾರ್, ವಾಸದ ಮನೇಲಿ ಅಡುಗೆಯವಳಿಗೆ ರಜೆ ಇದೆಯಾ?"

"ವಾಸದ ಮನೇಲಿ ಅಡುಗೆಯವಳು ಎಲ್ಲಿರ್ತಾಳಮ್ಮ? ಹೆಂಡ್ತಿ ಇರ್ತಾಳೆ."

ಅವಳು ಕಡತ ಮುಚ್ಚಿ, ಚೀಲ ಹೆಗಲಿಗೇರಿಸಿ ಎದ್ದಳು. ಮುಖ್ಯಾಧಿಕಾರಿಗಳು ಬಾಗಿಲವರೆಗೆ ಹಿಂದೆಯೇ ಬಂದು, ಆಚೆ ಈಚೆ ನೋಡಿ, ಮೆಲ್ಲಗೆ ಕೇಳಿದರು.

"ಮೇಡಂ, ನಾಳೆ ನಮ್ಮನೇಲಿ ನನ್ನ ಪಾಳಿ. ಅನ್ನ ತಳ ಹಿಡೀದ ಹಾಗೆ ಏನ್ಮಾಡ್ಬೇಕು?"

"ಉರಿ ಸಣ್ಣಗಿಡಿ ಸಾರ್. ಪಕ್ಕದಲ್ಲೇ ನಿಂತಿರಿ. ಫೋನ್ ನೋಡ್ಬೇಡಿ."

ಅವರು ಅದನ್ನು ಬರೆದುಕೊಂಡರು.