ಒಂದೇ ಕೀಲಿಕೈಯ ಮೈದುನ

ಮಕ್ಕಳೇ, ಸರ್ಕಾರದ ಇಲಾಖೆಗಳನ್ನೆಲ್ಲ ಒಂದಕ್ಕೊಂದು ಮಾತಾಡಿಸಲು ಹೊರಟು, ಸ್ವಂತ ಹೆಂಡತಿಯ ಮಾತು ಕೇಳುವುದನ್ನೇ ಮರೆತವನು ಯಾರು ಹೇಳಿ? ನಿಮ್ಮ ಹಾವೇರಿಯ ಸಣ್ಣಜ್ಜ! ನನ್ನ ಮೈದುನ.

ಅವನ ನೌಕರಿಯೇ ಅಂಥದ್ದು. ರೇಶನ್ನಿಗೊಂದು ಕಂಪ್ಯೂಟರು, ಪಿಂಚಣಿಗೊಂದು, ಜಮೀನಿಗೊಂದು. ಎಲ್ಲಕ್ಕೂ ರಾಜ್ಯದ ತುಂಬ ಒಂದೇ ಪದ್ಧತಿ ತರುವ ಸಮಿತಿಯಲ್ಲಿ ಅವನಿದ್ದಾನೆ. "ಎಲ್ಲಾ ಒಂದೇ ಆಗಬೇಕ್ರಿ ವೈನಿ" ಎನ್ನುವುದೇ ಅವನ ಜಪ.

ಜಪ ಮನೆಗೂ ಬಂತು. ತೊಟ್ಟಿಲ ಮೊಮ್ಮಗಳಿಗೂ ಬೀಗರಿಗೂ ಒಂದೇ ಅಳತೆಯ ಲೋಟ! ತಲೆಬಾಗಿಲು, ಕಪಾಟು, ಅಡುಗೆಮನೆ ಎಲ್ಲಕ್ಕೂ ಒಂದೇ ಕೀಲಿಕೈಯ ಬೀಗ, ಆ ಕೀಲಿಕೈ ಅವನ ಜೇಬಿನಲ್ಲಿ!

"ಚಾವಿ ಕಳದ್ರ?" ಎಂದಳು ಹೆಂಡತಿ.

"ನನ್ನ ಯೋಜನಾದಾಗ ಕಳಿಯೂದು ಇಲ್ಲ!"

ಬ್ಯಾಡಗಿಯಿಂದ ನಾನು ಅವರ ಮನೆಗೆ ಹೋದ ದಿನವೇ ಆ ಕೀಲಿಕೈ ಗಂಡಹೆಂಡಿರಿಬ್ಬರನ್ನೂ ಹಾವೇರಿಯಲ್ಲಿ ಇಳಿಸಿ, ತಾನೊಂದೇ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಯಿತು. ನಾವು ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತು ಗಿರ್ಮಿಟ್ ತಿಂದೆವು.

"ಸಾಹೇಬ್ರ ಸರ್ಕಾರ ಬಿತ್ತು ನೋಡ್ರಿ ಅಕ್ಕಾ" ಎಂದು ಅವಳು ನಕ್ಕಳು. ಅವನು ಮಾತ್ರ ಬೀಗವನ್ನೇ ನೋಡುತ್ತಿದ್ದ.

ಅದಾದ ಮೇಲೆ ನಮ್ಮೂರ ರೇಶನ್ ಅಂಗಡಿಯ ಯಂತ್ರ ನನ್ನ ಹೆಬ್ಬೆರಳನ್ನು ಗುರುತಿಸಲಿಲ್ಲ. ಇಷ್ಟು ವರ್ಷ ಮೆಣಸಿನಕಾಯಿ ತೊಟ್ಟು ಮುರಿದ ಬೆರಳಿನಲ್ಲಿ ಗೆರೆಯಾದರೂ ಎಲ್ಲಿ ಉಳಿಯಬೇಕು? ಜನರೆದುರು ನಾಚಿ, ಬರಿಯ ಚೀಲ ಹಿಡಿದು ಮರಳಿದೆ. ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯವಳು ಬಿಡುತ್ತಾಳೆಯೇ? ಫೋನು ಮಾಡಿ ಮೈದುನನಿಗೆ ಹೇಳಿಬಿಟ್ಟಳು.

ಇನ್ನು ಮುಂದೆ ಎಲ್ಲ ಸೌಲಭ್ಯಕ್ಕೂ ಬೆರಳೊಂದೇ ದಾರಿ ಎಂದು ಅವನ ಸಮಿತಿ ಬರೆಯಲಿತ್ತು. ಆ ಸಭೆಗೇ ನನ್ನನ್ನು ಕರೆದೊಯ್ದ.

"ಒಲ್ಲೆಪಾ, ದೊಡ್ಡವರ ಮುಂದ ನಾ ಏನ ಮಾತಾಡಲಿ?"

"ಮಾತಾಡಬ್ಯಾಡ್ರಿ. ಬೆರಳಷ್ಟ ಇಡ್ರಿ."

ಇಟ್ಟೆ. ಯಂತ್ರ ಒಲ್ಲೆ ಎಂದಿತು. "ಕೈ ತೊಳಕೊಂಡು ಬರ್ಲಿ" ಎಂದರು ಒಬ್ಬ ಅಧಿಕಾರಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೈದುನ ಎದ್ದು ನಿಂತ. "ತೊಳೆದ ಕೈನ ಅದಾವ್ರಿ ಅವು. ಒಂದೇ ಚಾವಿ ಇಟಗೊಂಡು ನಾ ಕಟ್ಟಿ ಮ್ಯಾಲ ಕುಂತೇನಿ. ರಾಜ್ಯದ ಮಂದೀನ ಕುಂದರಸೂದು ಬ್ಯಾಡ. ಇನ್ನೊಂದು ದಾರಿ ಬರೀರಿ."

ವಾದ ಬಹಳ ನಡೆಯಿತು. ಕೊನೆಗೆ, ಬೆರಳು ಹೊಂದದವರಿಗೆ ಕಾರ್ಡು ತೋರಿಸಿದರೂ ಸಾಕು ಎಂದು ಬರೆದರು.

ಹಾವೇರಿಗೆ ಮರಳಿ ತನ್ನ ಮನೆಯ ಬಾಗಿಲು ತೆರೆದವನು ಜೇಬಿನಿಂದ ಇನ್ನೊಂದು ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟ. "ಈ ಮನಿಗೆ ಬರಾಕ ನಿಮಗ ಬೆರಳೂ ಬ್ಯಾಡ, ಯಾರ ಅಪ್ಪಣೀನೂ ಬ್ಯಾಡ ವೈನಿ."

ನಿಮ್ಮಜ್ಜ ಹೋದ ಮೇಲೆ ಯಾರ ಬಾಗಿಲು ತಟ್ಟಲೂ ಅಂಜುತ್ತಿದ್ದವಳು ನಾನು. ಆ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.